ಸುಟ್ಟ ಮೋಟಾರು, ತಕರಾರಿನ ವಾರಂಟಿ

ಯುಗಾದಿ ಮುಗಿದು ಬಿಸಿಲು ಏರಿತೆಂದರೆ ಅತನೂರ ಹೋಬಳಿಯ ಊರುಗಳಲ್ಲಿ ಬೇಸಾಯಗಾರರ ಬಾಯಿಂದ ಮೇಲಿಂದ ಮೇಲೆ ಕೇಳಿಬರುವ ಮಾತು ಒಂದೇ: “ಮೋಟರ್ ಸುಟ್ಟದರಿ.” ಅಫಜಲಪುರ ಮತ್ತು ಆಳಂದ ತಾಲ್ಲೂಕುಗಳ ಈ ಭಾಗದಲ್ಲಿ ಮೇಲೆ ಎರೆಮಣ್ಣು, ಕೆಳಗೆ ಬಸಾಲ್ಟು ಕಲ್ಲು. ಕಲ್ಲಿನ ಬಿರುಕುಗಳಲ್ಲಿ ನಿಂತ ನೀರೇ ಕೊಳವೆ ಬಾವಿಗೆ ಆಧಾರ. ಚೈತ್ರ ವೈಶಾಖದಲ್ಲಿ ಆ ನೀರು ಇಳಿಯುತ್ತದೆ. ಅದೇ ಹೊತ್ತಿಗೆ ಎಲ್ಲರೂ ಪಂಪು ನಡೆಸುವುದರಿಂದ ವಿದ್ಯುತ್ತಿನ ಒತ್ತಡವೂ ಇಳಿಯುತ್ತದೆ. ಎರಡೂ ಸೇರಿ ಮೋಟಾರಿಗೆ ಗಂಡಾಂತರ ತರುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ರೈತರೊಬ್ಬರು ದೀಪಾವಳಿಯಲ್ಲಿ 7.5 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಪಂಪುಸೆಟ್ಟನ್ನು 40,000 ರೂಪಾಯಿ ಕೊಟ್ಟು ತಂದು ಇಳಿಸಿದರೆನ್ನಿ. ವಾರಂಟಿ ಒಂದು ವರ್ಷ. ಐದನೆಯ ತಿಂಗಳಿಗೆ ಮೋಟಾರು ಸುಟ್ಟಿತು. ಹೊಲದಲ್ಲಿ ಎರಡು ಎಕರೆ ಬೇಸಿಗೆ ಶೇಂಗಾ ಹೂ ಬಿಟ್ಟಿದೆ. ಮೋಟಾರನ್ನು ಮೇಲೆತ್ತಿಸಿ ಅಂಗಡಿಗೆ ಒಯ್ದರೆ ಅಂಗಡಿಯವರು, “ಚಿಂತಿ ಮಾಡಬ್ಯಾಡ್ರಿ ಕಾಕಾ, ಇಲ್ಲೇ ಇಟ್ಟು ಹೋಗ್ರಿ, ಎಂಟು ದಿನಕ್ಕ ಕಂಪನಿಯಿಂದ ಆಗಿ ಬರ್ತದ” ಎನ್ನುತ್ತಾರೆ. ಇಪ್ಪತ್ತು ದಿನ ಕಳೆದ ಮೇಲೆ ಬರುವ ಉತ್ತರವೇ ಬೇರೆ: “ಸಿಂಗಲ್ ಫೇಜ್ ಆಗಿ ಸುಟ್ಟದಂತ್ರಿ. ಇದಕ್ಕ ವಾರಂಟಿ ಬರಂಗಿಲ್ಲಂತ.” ಈ ಮಾತು ನಿಜವೋ ಸುಳ್ಳೋ ತಿಳಿಯುವ ದಾರಿ ರೈತರಿಗೆ ಉಳಿದಿಲ್ಲ. ಮೋಟಾರನ್ನು ಆಗಲೇ ಅವರ ಗೈರುಹಾಜರಿಯಲ್ಲಿ ಬಿಚ್ಚಿ, ಸುಟ್ಟ ಸುರುಳಿಯನ್ನು ಕಿತ್ತು ಗುಜರಿಗೆ ಹಾಕಿಯಾಗಿದೆ.

ವಾರಂಟಿಯ ತಕರಾರುಗಳ ಸೋಲು ಗೆಲುವು ಆಯೋಗದ ಕಟ್ಟೆ ಏರಿದ ಮೇಲೆ ಆಗುತ್ತದೆಂದು ಹಲವರು ತಿಳಿದಿರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದರ ಬಹುಪಾಲು ಮೋಟಾರು ಬಿಚ್ಚಿದ ದಿನವೇ ನಿರ್ಧಾರವಾಗಿರುತ್ತದೆ.

ಗ್ಯಾರಂಟಿಯೋ, ವಾರಂಟಿಯೋ?

ಗ್ಯಾರಂಟಿ ಎಂದರೆ ಹೊಸದು ಕೊಡುವುದು, ವಾರಂಟಿ ಎಂದರೆ ರಿಪೇರಿ ಮಾಡಿಕೊಡುವುದು ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಇದು ವ್ಯಾಪಾರದ ರೂಢಿಯ ಮಾತೇ ಹೊರತು ಎಲ್ಲ ಕಡೆಗೂ ಅನ್ವಯಿಸುವ ಕಾನೂನಲ್ಲ. ಕಾರ್ಡಿನಲ್ಲಿ ಏನು ಬರೆದಿದೆಯೋ ಅದೇ ಕಂಪನಿ ಕೊಟ್ಟ ವಚನ. ಹಲವು ಕಾರ್ಡುಗಳಲ್ಲಿ ಮಾರಿದ ದಿನದಿಂದ ಇಷ್ಟು ತಿಂಗಳು ಅಥವಾ ತಯಾರಿಸಿದ ದಿನದಿಂದ ಇಷ್ಟು ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅದು ಎಂದಿರುತ್ತದೆ. ಅಂಗಡಿಯಲ್ಲಿ ಬಹಳ ದಿನ ಬಿದ್ದಿದ್ದ ಮಾಲನ್ನು ಕೊಂಡವರಿಗೆ ವಾರಂಟಿಯ ಅರ್ಧ ಅವಧಿ ಅಂಗಡಿಯಲ್ಲಿಯೇ ಮುಗಿದಿರಬಹುದು. ಆದುದರಿಂದ ಹಣ ಎಣಿಸುವ ಮೊದಲೇ ಮೋಟಾರಿನ ಹೆಸರುಫಲಕದ ಮೇಲಿನ ತಯಾರಿಕೆಯ ತಿಂಗಳನ್ನು ನೋಡಿಕೊಳ್ಳಬೇಕು.

ಕಾರ್ಡು ಇಲ್ಲದಿದ್ದರೆ ಏನೂ ಹಕ್ಕಿಲ್ಲವೆಂದು ತಿಳಿಯುವುದೂ ತಪ್ಪು. 1930ರ ಸರಕು ಮಾರಾಟ ಕಾಯಿದೆಯಂತೆ ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ಜಾಣ್ಮೆಯನ್ನು ನಂಬಿ ಕೊಂಡಾಗ ಮಾಲು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬುದು ವ್ಯವಹಾರದಲ್ಲಿ ಅಡಕವಾಗಿರುವ ಷರತ್ತು. ಆದರೆ ಆ ಕಾಲಕ್ಕೆ ರೈತರು ಇದಕ್ಕಾಗಿ ಸಿವಿಲ್ ಕೋರ್ಟಿಗೇ ಹೋಗಬೇಕಾಗಿತ್ತು. ಪಂಪಿನ ಬೆಲೆಗಿಂತ ಓಡಾಟದ ಖರ್ಚೇ ಹೆಚ್ಚಾಗುವಾಗ ಯಾರು ಹೋಗುತ್ತಾರೆ? 1986ರಲ್ಲಿ ಗ್ರಾಹಕರ ರಕ್ಷಣಾ ಕಾಯಿದೆ ಬಂದ ಮೇಲೆ ಈ ದಾರಿ ಸುಲಭವಾಯಿತು. ಈಗ ಜಾರಿಯಲ್ಲಿರುವುದು 2019ರ ಕಾಯಿದೆ. ಅದು 2020ರ ಜುಲೈ 20ರಿಂದ ಜಾರಿಗೆ ಬಂದಿದೆ.

ಮೋಟಾರು ಏಕೆ ಸುಟ್ಟಿತು?

ಕಂಪನಿಯ ಮೇಲೆ ಸಿಟ್ಟಾಗುವ ಮೊದಲು ನಮ್ಮ ಕಡೆಯ ತಪ್ಪೇನಾದರೂ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ಆದರೆ ಕಂಪನಿಯವರು ತಿರಸ್ಕರಿಸುವ ಎಲ್ಲ ಬೇಡಿಕೆಗಳೂ ನ್ಯಾಯವಾದವೇ ಎನ್ನಲಾಗದು.

ಸುಟ್ಟ ಸುರುಳಿಯನ್ನು ಬಲ್ಲವರು ನೋಡಿದರೆ ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮೋಟಾರಿನೊಳಗೆ ಮೂರು ಫೇಜಿನ ಸುರುಳಿಗಳಿರುತ್ತವೆ. ಟಿ.ಸಿ. ಮೇಲಿನ ಫ್ಯೂಜು ಹೋಗಿಯೋ, ತಂತಿ ಸಡಿಲಾಗಿಯೋ ಒಂದು ಫೇಜು ತಪ್ಪಿದರೆ ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಜಿನ ಸುರುಳಿಗಳು ಸುಟ್ಟು ಮೂರನೆಯದು ಸ್ವಚ್ಛವಾಗಿ ಉಳಿಯುತ್ತದೆ. ಡೆಲ್ಟಾ ಜೋಡಣೆಯಲ್ಲಿ ಒಂದು ಸುಟ್ಟು ಎರಡು ಉಳಿಯುತ್ತವೆ. ಒತ್ತಡ ಬಹಳ ಕಡಿಮೆಯಿದ್ದಾಗ ಅಥವಾ ಹೆಚ್ಚಿನ ಭಾರ ಬಿದ್ದಾಗ ಮೂರೂ ಸುರುಳಿಗಳು ಒಂದೇ ಸಮನಾಗಿ ಕಪ್ಪಾಗುತ್ತವೆ. ಉಳಿದದ್ದೆಲ್ಲ ಚೆನ್ನಾಗಿದ್ದು ಒಂದೇ ಜಾಗದಲ್ಲಿ ತಂತಿ ಕರಗಿ ಗಂಟಾಗಿದ್ದರೆ, ಸುರುಳಿಯ ಹೊದಿಕೆಯಲ್ಲಿ ಮೊದಲಿನಿಂದಲೇ ಕೊರತೆ ಇತ್ತೇ ಎಂದು ಸಂಶಯಪಡಲು ಕಾರಣವಿದೆ. ಸಿಡಿಲಿನಿಂದಲೂ ಹೀಗಾಗಬಹುದು. ನೀರಿಲ್ಲದೆ ಓಡಿದ ಪಂಪಿನಲ್ಲಿ ಬೇರಿಂಗು ಮತ್ತು ಬುಷ್ಷುಗಳು ಮೊದಲು ಸವೆದು ಸೀಯುತ್ತವೆ. ಉಸುಕು ಎಳೆದ ಪಂಪಿನ ಇಂಪೆಲ್ಲರು ಉಜ್ಜಿದಂತೆ ತೆಳ್ಳಗಾಗಿರುತ್ತದೆ.

ಇದನ್ನು ತಿಳಿದ ರೈತರು “ಸಿಂಗಲ್ ಫೇಜ್ ಆಗಿದೆ” ಎನ್ನುವವರಿಗೆ, “ಹಾಗಾದರೆ ಸುಡದೆ ಉಳಿದ ಸುರುಳಿ ಯಾವುದು, ತೋರಿಸಿರಿ” ಎಂದು ಕೇಳಬಲ್ಲರು. ಮೂರೂ ಸುಟ್ಟಿದ್ದರೆ ಕಂಪನಿಯ ಕಾರಣಕ್ಕೂ ಕಣ್ಣ ಮುಂದಿನ ವಸ್ತುವಿಗೂ ತಾಳೆಯಾಗುವುದಿಲ್ಲ.

ಕಡಿಮೆ ಒತ್ತಡದ ಬಗೆಗೂ ಒಂದು ಲೆಕ್ಕವಿದೆ. ಸಬ್‌ಮರ್ಸಿಬಲ್ ಪಂಪುಸೆಟ್ಟಿಗೆ ಭಾರತೀಯ ಮಾನಕ ಐ.ಎಸ್. 8034, ಅದರ ಮೋಟಾರಿಗೆ ಐ.ಎಸ್. 9283. 415 ವೋಲ್ಟಿನ ಮೇಲೆ ನೂರಕ್ಕೆ 6 ಹೆಚ್ಚು, ನೂರಕ್ಕೆ 15 ಕಡಿಮೆ, ಅಂದರೆ ಸುಮಾರು 353ರಿಂದ 440 ವೋಲ್ಟಿನವರೆಗೆ ಈ ಮೋಟಾರುಗಳು ಕೆಲಸ ಮಾಡಬೇಕು. ನಿಮ್ಮಲ್ಲಿ ಒತ್ತಡ 370 ಇದ್ದಾಗ ಸುಟ್ಟ ಮೋಟಾರಿಗೆ ಕಡಿಮೆ ಒತ್ತಡದ ನೆಪ ಹೇಳುವುದು ಸಲ್ಲದು. 300ಕ್ಕೆ ಇಳಿದಿದ್ದಾಗಲೂ ನಡೆಸಿದ್ದರೆ ಕಂಪನಿಯನ್ನು ದೂರಿ ಫಲವಿಲ್ಲ. ಆದುದರಿಂದ ಪ್ಯಾನೆಲ್ ಬೋರ್ಡಿನ ಮೇಲೆ ವೋಲ್ಟ್ ಮೀಟರು ಇರಲೇಬೇಕು. ಒತ್ತಡ ಪದೇ ಪದೇ ಇಳಿಯುತ್ತಿದ್ದರೆ ಜೆಸ್ಕಾಂನ 1912 ಸಂಖ್ಯೆಗೆ ದೂರು ಬರೆಸಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿರಿ. ಪಂಪಿನ ಕಂಪನಿಯೊಡನೆ ವಾದ ಬಂದಾಗಲೂ ಆ ಸಂಖ್ಯೆ ಕೆಲಸಕ್ಕೆ ಬರುತ್ತದೆ, ಕೆಲವೊಮ್ಮೆ ನಿಮಗೆ ವಿರುದ್ಧವಾಗಿಯೂ ನಿಲ್ಲುತ್ತದೆ. ಆದರೂ ನಿಜ ನಿಜವೇ.

ಫೇಜು ತಪ್ಪಿದರೆ ನಿಲ್ಲಿಸುವ ಉಪಕರಣ, ನೀರು ಬತ್ತಿದರೆ ನಿಲ್ಲಿಸುವ ಉಪಕರಣ, ಸರಿಯಾದ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರು, ಇವುಗಳನ್ನು ಅಳವಡಿಸದಿದ್ದರೆ ವಾರಂಟಿ ಇಲ್ಲ ಎಂಬ ಷರತ್ತನ್ನು ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುವುದುಂಟು. ಎರಡೇ ಫೇಜು ಬಂದಾಗ ಕಂಡೆನ್ಸರ್ ಹಾಕಿ ಮೋಟಾರು ತಿರುಗಿಸುವ ಅಭ್ಯಾಸ ನಮ್ಮ ಕಡೆ ಬಹಳ. ಹಾಗೆ ಮಾಡಿದ ಮೇಲೆ ವಾರಂಟಿ ಕೇಳುವ ಬಾಯಿ ಉಳಿಯುವುದಿಲ್ಲ. ಮೋಟಾರು ಇಳಿಸುವ ಮೊದಲು ಅದರೊಳಗೆ ಶುದ್ಧ ನೀರು ತುಂಬಿದ್ದಾರೆಯೇ ಎಂಬುದನ್ನೂ ನಿಂತು ನೋಡಬೇಕು. ಇಳಿಸುವ ಕೆಲಸವನ್ನು ಅಂಗಡಿಯವರ ಮಿಸ್ತ್ರಿಯೇ ಮಾಡಿದ್ದರೆ ಅವನ ಹೆಸರು ಮತ್ತು ತಾರೀಖನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಒಳಿತು. ಇಳಿಸಿದ ಕೈ ಅವರದೇ ಆದರೆ ಇಳಿಸಿದ ತಪ್ಪೂ ಅವರದೇ ಆಗುತ್ತದೆ.

ಸುಟ್ಟ ದಿನ ಮಾಡಬೇಕಾದ ಕೆಲಸ

ಮೋಟಾರು ನಿಂತ ಕೂಡಲೇ ಅದನ್ನು ಮೇಲೆತ್ತಿಸುವಾಗ ಮೊಬೈಲಿನಲ್ಲಿ ಚಿತ್ರ ಹಿಡಿಸಿರಿ: ಪ್ಯಾನೆಲ್ ಬೋರ್ಡು, ಅದರಲ್ಲಿನ ರಕ್ಷಣಾ ಉಪಕರಣಗಳು, ಕೇಬಲ್ಲಿನ ಜೋಡು, ಹೆಸರುಫಲಕದ ಮೇಲಿನ ಸಂಖ್ಯೆ, ಇನ್ನೂ ಬಿಚ್ಚದ ಮೋಟಾರು. ಅದೇ ದಿನ ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಗೆ ಫೋನು ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಆ ಸಂಖ್ಯೆ ಇಲ್ಲದ ಬಾಯಿಮಾತಿನ ದೂರನ್ನು ಮುಂದೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಮೋಟಾರನ್ನು ಅಂಗಡಿಯಲ್ಲಿ ಬಿಟ್ಟು ಬರಬೇಕಾದರೆ ಮೋಟಾರಿನ ಸಂಖ್ಯೆ, ತಾರೀಖು ಮತ್ತು “ಬಿಚ್ಚದ ಸ್ಥಿತಿಯಲ್ಲಿ ಪಡೆದಿದೆ” ಎಂಬ ಮಾತು ಇರುವ ರಸೀದಿ ಕೈಗೆ ಬಂದ ಮೇಲೆಯೇ ಬಿಡಬೇಕು. ಬಿಚ್ಚುವಾಗ ತಾನು ಹಾಜರಿರಬೇಕೆಂದು ಬರಹದಲ್ಲಿಯೇ ಕೇಳಬೇಕು. ಬಿಚ್ಚಿದಾಗ ಸುರುಳಿಯ ಚಿತ್ರ ಹಿಡಿದು, ಕಂಪನಿಯ ಮಿಸ್ತ್ರಿ ಬರೆಯುವ ವರದಿಯ ನಕಲು ಪಡೆಯಬೇಕು. ವರದಿಯಲ್ಲಿ ಬರೆದ ಕಾರಣ ನಿಮಗೆ ಒಪ್ಪಿಗೆಯಿಲ್ಲದಿದ್ದರೆ “ಒಪ್ಪಿಗೆಯಿಲ್ಲ” ಎಂದು ಬರೆದೇ ರುಜು ಹಾಕಬೇಕು. ಅವಸರದಲ್ಲಿ ಖಾಲಿ ಕಾಗದಕ್ಕೆ ರುಜು ಹಾಕಿ ಕೊಡುವುದು ನಮ್ಮ ರೈತರ ಹಳೆಯ ತಪ್ಪು.

ಇಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಬರುತ್ತದೆ. ಶೇಂಗಾ ಒಣಗುತ್ತಿದೆ, ಎಂಟು ದಿನ ನೀರಿಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಕಂಪನಿಯವರು ಬರುವವರೆಗೆ ಮೋಟಾರನ್ನು ಹಾಗೆಯೇ ಇಡಬೇಕೇ, ಇಲ್ಲ ಊರಿನ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿ ಇಳಿಸಬೇಕೇ? ಸುತ್ತಿಸಿದರೆ ಬೆಳೆ ಉಳಿದೀತು, ವಾರಂಟಿ ಹೋಗುತ್ತದೆ. ಕಾದರೆ ವಾರಂಟಿ ಉಳಿದೀತು, ಬೆಳೆ ಹೋಗುತ್ತದೆ. ಬಾಡಿಗೆಗೋ, ನೆಂಟರಿಂದಲೋ ಒಂದು ಹಳೆಯ ಪಂಪು ತಂದು ಇಳಿಸುವುದು ಮೊದಲ ಉಪಾಯ. ಅದರ ಬಾಡಿಗೆ ಚೀಟಿ ಇಟ್ಟುಕೊಂಡರೆ ಆ ಖರ್ಚನ್ನೂ ಪರಿಹಾರದಲ್ಲಿ ಕೇಳಬಹುದು. ಅದೂ ಸಾಧ್ಯವಿಲ್ಲದಿದ್ದರೆ ಕಂಪನಿಗೂ ಅಂಗಡಿಗೂ ಬರಹದಲ್ಲಿ ಗಡುವು ಕೊಟ್ಟು, ಗಡುವು ಮೀರಿದ ಮೇಲೆ ಇಬ್ಬರು ಪಂಚರ ಎದುರು ಬಿಚ್ಚಿಸಿ, ಚಿತ್ರ ಹಿಡಿಸಿ, ವೈಂಡಿಂಗ್ ಮಾಡುವವನಿಂದ ತಾನು ಕಂಡದ್ದನ್ನು ಬರೆಸಿಕೊಂಡು, ಸುಟ್ಟ ಸುರುಳಿಯನ್ನು ಚೀಲದಲ್ಲಿ ಕಟ್ಟಿ ಮನೆಯಲ್ಲಿಡಬೇಕು. ಗುಜರಿಯವನು ತಾಮ್ರಕ್ಕೆ ಕೊಡುವ ಹಣಕ್ಕೆ ಆಸೆಪಡಬಾರದು. ಇದು ಮೋಟಾರನ್ನು ಬಿಚ್ಚದೆ ಇಟ್ಟಷ್ಟು ಗಟ್ಟಿಯಾದ ಸಾಕ್ಷಿಯಲ್ಲ. ಆದರೆ ನಿಂತ ಬೆಳೆಯನ್ನು ಕಣ್ಣೆದುರು ಒಣಗಿಸಿ ಆಮೇಲೆ ಪೂರ್ತಿ ನಷ್ಟ ಕೇಳುವುದಕ್ಕಿಂತ, ಕೈಲಾದ ಮಟ್ಟಿಗೆ ನಷ್ಟ ತಡೆದು ಉಳಿದದ್ದನ್ನು ಕೇಳುವವರ ಮಾತಿಗೆ ನ್ಯಾಯಪೀಠದಲ್ಲಿ ಬೆಲೆ ಹೆಚ್ಚು.

ಬಿಲ್ಲಿನ ಬಗ್ಗೆ ಒಂದು ಮಾತು. “ಪಕ್ಕಾ ಬಿಲ್ಲು ಬ್ಯಾಡಂದ್ರ ಎರಡು ಸಾವಿರ ಕಡಿಮಿ ಮಾಡ್ತೀನ್ರಿ” ಎಂಬ ಮಾತಿಗೆ ಮರುಳಾಗಿ ಕಚ್ಚಾ ಚೀಟಿಯ ಮೇಲೆ ಮಾಲು ತಂದವರು ಮುಂದೆ ತಾವು ಆ ಮಾಲನ್ನು ಆ ಅಂಗಡಿಯಲ್ಲಿಯೇ ಕೊಂಡೆವೆಂದು ರುಜುವಾತು ಮಾಡುವುದಕ್ಕೇ ಹೆಣಗಬೇಕಾಗುತ್ತದೆ. ಜಿ.ಎಸ್.ಟಿ. ಬಿಲ್ಲಿನ ಮೇಲೆ ಮೋಟಾರು ಮತ್ತು ಪಂಪು ಎರಡರ ಸಂಖ್ಯೆಯನ್ನೂ ಬರೆಸಿಕೊಂಡು, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸಬೇಕು. ಐ.ಎಸ್.ಐ. ಗುರುತಿನ ಕೆಳಗಿರುವ ಲೈಸೆನ್ಸು ಸಂಖ್ಯೆ ನಿಜವೋ ನಕಲಿಯೋ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ನೋಡಬಹುದು. ನಕಲಿ ಎಂದು ತಿಳಿದರೆ ಅದು ಬರಿಯ ವಾರಂಟಿಯ ತಕರಾರಲ್ಲ, ಅಪರಾಧ. ಅದರಲ್ಲಿಯೇ ಬ್ಯೂರೋಕ್ಕೆ ದೂರನ್ನೂ ಕೊಡಬಹುದು.

ಪತ್ರ ಹೇಗಿರಬೇಕು?

ಪತ್ರದಲ್ಲಿ ಬೈಗುಳ ಬೇಡ, ಕಷ್ಟದ ಪುರಾಣವೂ ಬೇಡ. ತಾರೀಖು, ಸಂಖ್ಯೆ, ಬೇಡಿಕೆ ಮತ್ತು ಗಡುವು ಇದ್ದರೆ ಸಾಕು. ಒಂದು ಮಾದರಿಯನ್ನು ಕೆಳಗೆ ಕೊಟ್ಟಿದೆ.

“ಇವರಿಗೆ: ……… (ತಯಾರಕರು) ಹಾಗೂ ……… (ಮಾರಾಟಗಾರರು).

ನಾನು ದಿನಾಂಕ …… ರಂದು ತಮ್ಮ ……… ಮಾದರಿಯ, …… ಅಶ್ವಶಕ್ತಿಯ ಪಂಪುಸೆಟ್ಟನ್ನು ಬಿಲ್ಲು ಸಂಖ್ಯೆ …… ರಂತೆ ರೂ. …… ಕೊಟ್ಟು ಕೊಂಡಿರುತ್ತೇನೆ. ಮೋಟಾರಿನ ಸಂಖ್ಯೆ ……. ಇದು ದಿನಾಂಕ …… ರಂದು ವಾರಂಟಿಯ ಅವಧಿಯಲ್ಲಿ ಸುಟ್ಟು ನಿಂತಿದ್ದು, ಅದೇ ದಿನ ದೂರು ಸಂಖ್ಯೆ …… ರಂತೆ ತಮಗೆ ತಿಳಿಸಿರುತ್ತೇನೆ. ನನ್ನಲ್ಲಿ ಫೇಜು ರಕ್ಷಣೆಯ ಹಾಗೂ ನೀರು ಬತ್ತಿದಾಗಿನ ರಕ್ಷಣೆಯ ಉಪಕರಣಗಳು ಅಳವಡಿಸಲ್ಪಟ್ಟಿದ್ದು ಅವುಗಳ ಚಿತ್ರಗಳನ್ನು ಲಗತ್ತಿಸಿದೆ. ತಾವು ದಿನಾಂಕ …… ರಂದು ವಾರಂಟಿಯನ್ನು ನಿರಾಕರಿಸಿದ್ದೀರಿ. ಯಾವ ಷರತ್ತಿನಂತೆ, ಯಾವ ಪರೀಕ್ಷೆಯ ಆಧಾರದ ಮೇಲೆ ನಿರಾಕರಿಸಿದ್ದೀರೆಂಬುದನ್ನು ಬರಹದಲ್ಲಿ ತಿಳಿಸಬೇಕು. ಈ ಪತ್ರ ಮುಟ್ಟಿದ 15 ದಿನಗಳೊಳಗಾಗಿ ಮೋಟಾರನ್ನು ಉಚಿತವಾಗಿ ರಿಪೇರಿ ಮಾಡಿ ಇಲ್ಲವೆ ಬದಲಿಸಿ ಕೊಡಬೇಕು. ತಪ್ಪಿದಲ್ಲಿ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲಾಗುವುದು.”

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಎರಡೂ ಕಡೆಗೆ ಕಳಿಸಿ ರಸೀದಿಯನ್ನು ಜೋಪಾನವಾಗಿಡಬೇಕು. “ಬರಹದಲ್ಲಿ ತಿಳಿಸಬೇಕು” ಎಂಬ ಮಾತಿಗೆ ಎಷ್ಟೋ ಸಲ ಫಲವಿರುತ್ತದೆ. ಫೋನಿನಲ್ಲಿ ಸುಲಭವಾಗಿ “ಇಲ್ಲ” ಎನ್ನುವವರು ಕಾಗದದ ಮೇಲೆ ಕಾರಣ ಬರೆಯಬೇಕಾದಾಗ ಇನ್ನೊಮ್ಮೆ ಯೋಚಿಸುತ್ತಾರೆ. ಇದರ ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಹೇಳಬಹುದು. ಅವರು ದೂರನ್ನು ಕಂಪನಿಗೆ ಮುಟ್ಟಿಸಿ ರಾಜಿಗೆ ಯತ್ನಿಸುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ.

ಆಯೋಗದ ಮುಂದೆ

ಪಂಪು ತಯಾರಾಗುವುದು ಕೊಯಮತ್ತೂರಿನಲ್ಲಿರಬಹುದು, ರಾಜಕೋಟೆಯಲ್ಲಿರಬಹುದು. ವಾರಂಟಿ ಕಾರ್ಡಿನ ಕೊನೆಗೆ “ತಕರಾರುಗಳು ಆ ಊರಿನ ನ್ಯಾಯಾಲಯಕ್ಕೆ ಮಾತ್ರ ಒಳಪಟ್ಟಿವೆ” ಎಂದು ಬರೆದದ್ದನ್ನು ನೋಡಿ ಹೆದರಿ ಕೂಡಬೇಕಾಗಿಲ್ಲ. 2019ರ ಕಾಯಿದೆಯ 34ನೆಯ ಕಲಮಿನಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅತನೂರಿನವರಿಗೆ ಅದು ಕಲಬುರಗಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ವಸ್ತುಗಳ ದೂರು ಜಿಲ್ಲಾ ಆಯೋಗಕ್ಕೆ ಸೇರುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರನ್ನಿಡುವುದು ಕಡ್ಡಾಯವಲ್ಲ. 2025ರ ಜನವರಿಯಿಂದ ‘ಇ-ಜಾಗೃತಿ’ ಎಂಬ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದೆ. ತಕರಾರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. “ನಾಳೆ ಬರ್ರಿ, ನಾಡಿದ್ದು ಬರ್ರಿ” ಎಂಬ ಮಾತನ್ನು ನಂಬಿ ಕಾಯುತ್ತ ಕುಳಿತರೆ ಆ ಎರಡು ವರ್ಷ ನಮಗಾಗಿ ಕಾಯುವುದಿಲ್ಲ.

ದೂರಿನಲ್ಲಿ ತಯಾರಕರನ್ನೂ ಮಾರಾಟಗಾರರನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಬೊಟ್ಟು ಮಾಡಿ ನುಣುಚಿಕೊಳ್ಳಲು ದಾರಿಯಾಗುತ್ತದೆ. ದೂರಿನ ನಕಲು ಮುಟ್ಟಿದ 30 ದಿನಗಳಲ್ಲಿ ಎದುರುದಾರರು ಉತ್ತರ ಕೊಡಬೇಕು, ಆಯೋಗವು ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಈ ಗಡುವನ್ನು ಮೀರಿ ಲಂಬಿಸುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ವಸ್ತುವಿನ ದೋಷವನ್ನು ಪರೀಕ್ಷೆಯಿಲ್ಲದೆ ತಿಳಿಯಲಾಗದಿದ್ದರೆ ಆಯೋಗವು ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಮೋಟಾರನ್ನು ಕೆಡದಂತೆ ಇಡಬೇಕೆಂದು ಮೇಲೆ ಒತ್ತಿ ಹೇಳಿದ್ದು ಇದಕ್ಕಾಗಿಯೇ.

“ರೈತರು ಬೆಳೆದು ಮಾರುತ್ತಾರೆ, ಆದುದರಿಂದ ಇದು ವಾಣಿಜ್ಯದ ಉದ್ದೇಶ, ಅವರು ಗ್ರಾಹಕರಲ್ಲ” ಎಂದು ಕಂಪನಿಯ ವಕೀಲರು ವಾದಿಸುವುದುಂಟು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವ ವಸ್ತುವನ್ನು ವಾಣಿಜ್ಯದ ಉದ್ದೇಶದಲ್ಲಿ ಎಣಿಸಬಾರದೆಂದು ಕಾಯಿದೆಯ ವಿವರಣೆಯಲ್ಲಿಯೇ ಇದೆ. ದೂರಿನಲ್ಲಿ “ಇದೇ ನನ್ನ ಜೀವನೋಪಾಯ” ಎಂಬ ಒಂದು ವಾಕ್ಯವನ್ನು ಮರೆಯದೆ ಬರೆಯಬೇಕು. ದೂರು ಸಾಬೀತಾದರೆ ದೋಷ ಸರಿಪಡಿಸಲು, ಹೊಸದು ಕೊಡಲು, ಹಣ ಮರಳಿಸಲು, ಅಲಕ್ಷ್ಯದಿಂದಾದ ನಷ್ಟ ತುಂಬಿಕೊಡಲು ಆಯೋಗ ಆಜ್ಞೆ ಮಾಡಬಹುದು. ಬೆಳೆಯ ನಷ್ಟ ಕೇಳುವವರು ಪಹಣಿ, ಬೆಳೆಯ ಚಿತ್ರಗಳು, ಕೃಷಿ ಅಧಿಕಾರಿಯ ವರದಿ ಇವುಗಳನ್ನು ಹಚ್ಚಬೇಕು. ಬರಿಯ ಅಂದಾಜಿನ ಲಕ್ಷ ಲಕ್ಷ ಬರೆದರೆ ನಿಜವಾದ ಸಾವಿರಗಳ ಮೇಲೂ ನಂಬಿಕೆ ಹೋಗುತ್ತದೆ.

ಕಂಪನಿ ಮೇಲ್ಮನವಿ ಹೋಗಬೇಕಾದರೆ 45 ದಿನಗಳೊಳಗೆ, ತೀರ್ಪಿನ ಹಣದ ಅರ್ಧವನ್ನು ಕಟ್ಟಿಯೇ ಹೋಗಬೇಕು. ಎರಡೂ ಕಡೆಯವರು ಒಪ್ಪಿದರೆ ನಡುವೆ ಮಧ್ಯಸ್ಥಿಕೆಗೂ ಅವಕಾಶವಿದೆ. ಕಂಪನಿ ಹೊಸ ಮೋಟಾರು ಕೊಡಲು ಮುಂದೆ ಬಂದರೆ, ಉಳಿದ ನಷ್ಟಕ್ಕಾಗಿ ವರ್ಷಗಟ್ಟಲೆ ಹಟ ಹಿಡಿಯುವುದಕ್ಕಿಂತ ರಾಜಿಯಾಗುವುದೇ ಎಷ್ಟೋ ಸಲ ಮೇಲು.

ಬೀಜವೂ ಇದೇ ಸಾಲಿನಲ್ಲಿ

ಮೋಟಾರನ್ನು ಬಿಚ್ಚದೆ ಇಡಬಹುದು, ಬಿತ್ತಿದ ಬೀಜವನ್ನು ಮರಳಿ ಪಡೆಯಲಾಗದು. ಆಂಧ್ರ ಪ್ರದೇಶದ ರೈತರು ರಾಷ್ಟ್ರೀಯ ಬೀಜ ನಿಗಮದ ಮೇಲೆ ಹೂಡಿದ ದೂರುಗಳಲ್ಲಿ ಈ ಪ್ರಶ್ನೆಯೇ ಎದ್ದಿತ್ತು. ಪರೀಕ್ಷೆಗೆ ಬೀಜ ಉಳಿಸಿಲ್ಲವಾದ್ದರಿಂದ ದೂರು ನಿಲ್ಲದೆಂದು ನಿಗಮ ವಾದಿಸಿತು. ರೈತರು ಕೊಂಡ ಬೀಜವನ್ನೆಲ್ಲ ಬಿತ್ತುವುದು ಸಹಜ, ಮುಂದೆ ಪರೀಕ್ಷೆ ಬಂದೀತೆಂದು ಪ್ರತಿಯೊಬ್ಬರೂ ಬೀಜ ಎತ್ತಿಡಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಮಾನಿಸಿತು. 1966ರ ಬೀಜ ಕಾಯಿದೆ ಇದ್ದರೂ ರೈತರು ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದೂ ಅದೇ ತೀರ್ಪು ಹೇಳಿತು.

ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು. ಹರಿಯಾಣ ಬೀಜ ಅಭಿವೃದ್ಧಿ ನಿಗಮದ ಮೊಕದ್ದಮೆಯಲ್ಲಿ ಇದೇ ಕೋರ್ಟು 2005ರಲ್ಲಿ ರೈತರ ವಿರುದ್ಧ ತೀರ್ಪು ಕೊಟ್ಟಿತು. ಬೆಳೆ ಸರಿಯಾಗಿ ಬಂದಿಲ್ಲವೆಂದು ತಜ್ಞರ ವರದಿಯಲ್ಲಿತ್ತು, ಬೀಜ ಕಳಪೆಯೆಂದು ಮಾತ್ರ ಬರೆದಿರಲಿಲ್ಲ. ಕಲಬುರಗಿ ಜಿಲ್ಲೆಯಲ್ಲಿ 2022ರ ಹಂಗಾಮಿನ ತೊಗರಿ ನೆಟೆ ರೋಗದಿಂದ ಒಣಗಿದ್ದು ನಮ್ಮ ನೆನಪಿನಲ್ಲಿದೆ. ಅಂಥ ಹೊಲದಲ್ಲಿ ತಪ್ಪು ಬೀಜದ್ದೋ, ಮಣ್ಣಿನಲ್ಲಿದ್ದ ರೋಗದ್ದೋ ಎಂಬುದನ್ನು ಗಿಡ ಹೊಲದಲ್ಲಿ ನಿಂತಿರುವಾಗಲೇ ನೋಡಿ ಹೇಳಬೇಕು. ಕಿತ್ತು ಹರಗಿದ ಮೇಲೆ ಯಾವ ವಿಜ್ಞಾನಿಯೂ ಹೇಳಲಾರನು. ಆದುದರಿಂದ ಮೊಳಕೆ ಕಡಿಮೆಯಾದದ್ದು ಕಂಡ ವಾರದಲ್ಲಿಯೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಟ್ಟು, ವಿಜ್ಞಾನಿಗಳನ್ನೊಳಗೊಂಡ ತಪಾಸಣೆಗೆ ಕೇಳಬೇಕು. ವರದಿಯಲ್ಲಿ ಬೀಜದ ಗುಣಮಟ್ಟದ ಬಗ್ಗೆ ಸ್ಪಷ್ಟವಾದ ಮಾತು ಬರುವಂತೆ ವಿನಂತಿಸಬೇಕು. ನಮ್ಮ ಕ್ಷೇತ್ರ ಸಹಾಯಕರೂ ವರದಿ ಬರೆಯುವಾಗ “ಬೆಳೆ ಸಾಧಾರಣವಾಗಿದೆ” ಎಂದು ಬರೆದು ಕೈತೊಳೆದುಕೊಳ್ಳದೆ, ಕಾರಣವನ್ನು ಪರೀಕ್ಷಿಸಿ ಬರೆದರೆ ಸತ್ಯ ಯಾರ ಕಡೆಗಿದ್ದರೂ ಹೊರಬರುತ್ತದೆ.

ತೊಗರಿ ಬೀಜ ನೂರಕ್ಕೆ 75ರಷ್ಟಾದರೂ ಮೊಳೆಯಬೇಕು. ಬಿತ್ತುವ ಎಂಟು ದಿನ ಮೊದಲೇ 100 ಕಾಳನ್ನು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡಿದರೆ ಇದು ಮನೆಯಲ್ಲಿಯೇ ತಿಳಿಯುತ್ತದೆ. ಬಿಲ್ಲು, ಖಾಲಿ ಚೀಲ ಮತ್ತು ಒಂದು ಹಿಡಿ ಬೀಜವನ್ನು ರಾಶಿ ಆಗುವವರೆಗೆ ತೆಗೆದಿಡಬೇಕು. ಲಾಟ್ ಸಂಖ್ಯೆ ಇರುವುದು ಚೀಲದ ಬಾಯಿಗೆ ಹೊಲಿದ ಟ್ಯಾಗಿನ ಮೇಲೆ. ಆದುದರಿಂದ ಚೀಲ ಬಿಚ್ಚುವಾಗ ಟ್ಯಾಗಿದ್ದ ಬಾಯಿಯನ್ನು ಹಾಗೆಯೇ ಬಿಟ್ಟು ಕೆಳಗಿನ ಹೊಲಿಗೆಯನ್ನು ಬಿಚ್ಚಬೇಕು.